ಶನಿವಾರದ ಜಾಝಿನಲ್ಲಿ ಗಟ್ಟಿಮೇಳ

...ಅಥವಾ ಸೀನಿದ್ದು ಹಿಂದೆ ಗೋಡೆಗೊರಗಿ ನಿಂತಿದ್ದವರೋ ಏನೋ. ಈ ಕಥೆ ಹೇಳುವಾಗಲೆಲ್ಲ ಸೀನಿದ ಮೂಗು ಬದಲಾಗುತ್ತದೆ: ಒಮ್ಮೆ ಹೆಂಗಸಿನದು, ಒಮ್ಮೆ ಬೋಳುತಲೆಯವನದು. ಖಾಲಿ ಕುರ್ಚಿ ಕಂಡರೆ ನೆನಪು ಯಾರನ್ನಾದರೂ ತಂದು ಕೂರಿಸುತ್ತದೆ. ಅದನ್ನು ನಂಬುವುದು ಬಿಟ್ಟಿದ್ದೇನೆ. ಸೀನು ಮಾತ್ರ ನಿಜ.

ನಾನು ನಂಜನಗೂಡಿನ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತೇನೆ. ಮೈಸೂರಿನ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ಶನಿವಾರ ಸಂಜೆ ಜಾಝ್ ನಡೆಯುತ್ತದೆ. ಮೊದಮೊದಲು ಹತ್ತು ಕುರ್ಚಿ ತುಂಬುತ್ತಿರಲಿಲ್ಲ. ಈಗ ಜನ ಮೆಟ್ಟಿಲ ಮೇಲೂ ಕೂರುತ್ತಾರೆ, ಹೊರದೇಶದ ವಾದಕರು ಕೇಳಿಕೊಂಡು ಬರುತ್ತಾರೆ. ಅಲ್ಲಿನ ತಂಡಕ್ಕೆ ಒಬ್ಬ ಕಾಯಂ ಸ್ಯಾಕ್ಸೊಫೋನ್‌ನವನು ಬೇಕಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಡ್ರಮ್ಮರ್ ನನಗೆ ಹೇಳಿದ್ದ: "ಪೋರ್ಚುಗಲ್‌ನಿಂದ ಪಿಯಾನೊದವ್ರು ಬರ್ತಿದಾರೆ. ಅವರ ಜೊತೆ ಒಂದು ಸಂಜೆ ನುಡ್ಸಿ. ಆಮೇಲೆ ನೋಡೋಣ."

ನನಗೆ ಆ ಜಾಗ ಬೇಕಿತ್ತು. ಯೋಗ್ಯತೆಯೂ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

ಅವರು ಬಂದ ಶನಿವಾರ ಬೆಳಿಗ್ಗೆ ಟಿ. ನರಸೀಪುರದಲ್ಲಿ ಒಂದು ಮುಹೂರ್ತ ಮುಗಿಸಿದ್ದೆ. ನಮ್ಮ ಬ್ಯಾಂಡಿನ ಡೋಲು ನನ್ನ ಸೋದರಮಾವನದು. ಅವನು ನನಗೆ ಕಲಿಸಿದ ಮೊದಲ ಪಾಠ: "ತಾಳಿ ಕಟ್ಟೋ ಒತ್ನಲ್ಲಿ ಯಾವನಾರ ಸೀನ್ಲಿ, ಕೆಮ್ಲಿ, ಎಣ್ಣುಗಂಡಿನ್ ಕಿವಿಗ್ ಬೀಳ್‌ಕೂಡ್ದು ಕಣ್ಲಾ. ಊದು, ನುಂಗಾಕು." ಅಪಶಕುನದ ಸದ್ದನ್ನು ಮುಳುಗಿಸುವುದೇ ಗಟ್ಟಿಮೇಳದ ಕೆಲಸ.

ಸಂಜೆ ಮಹಡಿಯಲ್ಲಿ ನಾನೊಬ್ಬನೇ ನುಡಿಸಬೇಕಿದ್ದ ಎರಡು ಸುತ್ತು ಚೆನ್ನಾಗಿಯೇ ಹೋದವು. ಆಮೇಲೆ ಪಿಯಾನೊದವರು, ನರೆಗೂದಲಿನ ಹೆಂಗಸು, ದನಿಯನ್ನು ಇಳಿಸುತ್ತ ಇಳಿಸುತ್ತ ಪಿಯಾನೊದ ಕಪ್ಪುಬಿಳಿ ಮನೆಗಳ ಮೇಲೆ ಒಂದೊಂದಾಗಿ ಬೆರಳಿಡತೊಡಗಿದರು. ಇಡೀ ಮಹಡಿ ಉಸಿರು ಬಿಗಿಹಿಡಿದಿತ್ತು. ನಾನು ಮಾಡಬೇಕಾಗಿದ್ದದ್ದು ಒಂದೇ, ಸುಮ್ಮನಿರುವುದು.

ಆಗ ಯಾರೋ ಸೀನಿದರು.

ನಾನು ಯೋಚಿಸುವುದರೊಳಗೆ ವಾದ್ಯ ಬಾಯಲ್ಲಿತ್ತು. ಪೂರಾ ಗಟ್ಟಿಮೇಳ, ಛತ್ರ ನಡುಗುವಷ್ಟು. ಡ್ರಮ್ಮರ್‌ನ ಕಡ್ಡಿಗಳು ಒಂದು ಕ್ಷಣ ಗಾಳಿಯಲ್ಲಿ ನಿಂತವು. ಅವನೂ ಈ ಕಡೆಯವನೇ, ಮರುಕ್ಷಣ ಡೋಲಿನ ಪೆಟ್ಟು ಹಾಕಿದ. "ಅಕ್ಷತೆ ಎಲ್ರೀ, ಅಕ್ಷತೆ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಪಿಯಾನೊದವರು ನನ್ನನ್ನೇ ನೋಡುತ್ತ ಎಡಗೈಯಿಂದ ಅದೇ ಪೆಟ್ಟನ್ನು ಕೆಳಗಿನ ಸ್ವರಗಳಲ್ಲಿ ಹಿಡಿದುಕೊಂಡರು. ಎಷ್ಟು ಹೊತ್ತು ಹಾಗೆ ನುಡಿಸಿದೆವೋ! ನಾನು ಹೇಳುವ ಕಥೆಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ.

ವಾದ್ಯವನ್ನು ಪೆಟ್ಟಿಗೆಯಲ್ಲಿಡುವಾಗ ಡ್ರಮ್ಮರ್ ಬಂದ. "ಮುಂದಿನ ಶನಿವಾರ ಆರಕ್ಕೆ ಬನ್ನಿ. ಸೀನೋರ್ನ ಮಾತ್ರ ಕರ್ಕೊಂಡ್ ಬರ್ಬೇಡಿ."

ಸುದ್ದಿ ಕೇಳಿದ ಮಾವ, "ಅಲ್ಲೂ ಮದ್ವೆ ಮಾಡುಸ್ಬುಟ್ಟೇನ್ಲಾ?" ಎಂದ.

ಆವತ್ತಿನಿಂದ ಆ ಜಾಗ ನನ್ನದು, ಚೆನ್ನಾಗಿ ನುಡಿಸುತ್ತೇನೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡು ಹೋಗಿದ್ದ ಆ ಎರಡು ಸುತ್ತಿಗೆ ನನ್ನನ್ನು ತೆಗೆದುಕೊಂಡರೋ, ಕೈತಪ್ಪಿ ಬಂದ ಗದ್ದಲಕ್ಕೋ, ನಾನು ಕೇಳಿಲ್ಲ. ಅವರೂ ಹೇಳಿಲ್ಲ. ನನಗೆ ಗೊತ್ತಿಲ್ಲ.