ಟವಲು ಹಾಕಿದ ಸೀಟು

ಆಗೆಲ್ಲ ಬೆಂಗಳೂರಿನಲ್ಲಿ ಓಡಾಡಲು ಏನಿತ್ತು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಎಲ್ಲವೂ ಇತ್ತು. ಸಿಟಿ ಬಸ್ಸು, ಜಟಕಾ, ಆಗಿನ್ನೂ ಹೊಸದಾದ ಆಟೋ. ಇಲ್ಲದಿದ್ದದ್ದು ನಮ್ಮಪ್ಪನಿಗೆ ಆ ಊರಿನ ರೀತಿ ರಿವಾಜಿನ ಅರಿವು.

ನನಗಾಗ ಹದಿನಾಲ್ಕೋ ಹದಿನೈದೋ. ನನ್ನನ್ನು ಸಾಕಿದ ಅಜ್ಜಿಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದದ್ದರಲ್ಲಿ ಪೊರೆ ಬಂದು ಎಲ್ಲ ಮಸುಕು ಮಸುಕು. ಚಿಕ್ಕಪ್ಪ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ ಹನ್ನೊಂದು ಗಂಟೆಗೆ. 'ಮಗೀನ ಮುಖ ನೋಡ್ಕಂಡೇ ಒಳಗೆ ಹೋಗ್ತೀನಿ' ಎಂದು ಅಜ್ಜಿ ಹೇಳಿ ಕಳಿಸಿದ್ದಳು.

ಶಿಡ್ಲಘಟ್ಟದಿಂದ ಮೊದಲ ಬಸ್ಸಿಗೆ ಹೊರಟ ಅಪ್ಪ, ನಾನು ಇಬ್ಬರೂ ಬೇಗನೇ ಬೆಂಗಳೂರು ಸೇರಿದೆವು. ಆಸ್ಪತ್ರೆ ಕಡೆಯ ಸಿಟಿ ಬಸ್ಸು ಎದುರಿಗೇ ನಿಂತಿತ್ತು. ಹತ್ತಿ ಕೂತರೆ ಮುಗಿಯಿತು. ಆದರೆ ಅಪ್ಪ ಹೆಗಲ ಮೇಲಿನ ಟವಲನ್ನು ಕಿಟಕಿಯಿಂದ ಸೀಟಿನ ಮೇಲೆ ಹಾಕಿ, 'ಬಾರಮ್ಮ, ಕಾಫಿ ಕುಡಿಯಣ' ಎಂದರು.

ನಮ್ಮ ಕಡೆ ಟವಲು ಬಿತ್ತೆಂದರೆ ಸೀಟು ಕಾಯಂ. ಟವಲು ಹಾಕಿದವರು ಹೋಟೆಲಿನಿಂದ ಬರುವವರೆಗೆ ಕಂಡಕ್ಟರು ಸೀಟಿ ಊದಿ ಬಸ್ಸು ಬಿಡುತ್ತಿರಲಿಲ್ಲ.

'ಬಸ್ ಹೋಗ್ಬಿಡುತ್ತಪ್ಪ' ಎಂದೆ.

'ಟವಲ್ ಹಾಕಿದೀನಲ್ಲಮ್ಮ, ಎಲ್ಲಿಗೆ ಹೋಗ್ತದೆ?'

ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿದು ಆರಿಸಿ ಕುಡಿದು ಬರುವಷ್ಟರಲ್ಲಿ ಬಸ್ಸೂ ಇಲ್ಲ, ಟವಲೂ ಇಲ್ಲ. ನನಗೆ ಅಳು ಒತ್ತರಿಸಿ ಬಂತು. ಅಪ್ಪನಿಗೆ ಬಂದದ್ದು ಕೋಪ, ಅದೂ ಬಸ್ಸಿನವರ ಮೇಲೆ. ಬಸ್ಸು ಬಿಡುವ ಅಧಿಕಾರಿಯ ಹತ್ತಿರ ಹೋಗಿ ಜಗಳ ತೆಗೆದರು.

'ಟವಲ್ ಕಂಡ್ರೂ ಬಸ್ ಬಿಟ್ರಲ್ಲ ಸ್ವಾಮಿ, ಮನುಷ್ಯರು ಬರ್ತಾರೆ ಅಂತ ಗೊತ್ತಾಗಲ್ವಾ?'

ಆತ, 'ಮುಂದಿನ ಬಸ್ಸಿಗೆ ಹೋಗಿ ಯಜಮಾನ್ರೆ' ಎಂದ. ಅವರಿಬ್ಬರ ಮಾತು ಮುಗಿಯುವ ಮೊದಲೇ ಆ ಮುಂದಿನ ಬಸ್ಸೂ ತುಂಬಿಕೊಂಡು ಹೊರಟುಹೋಯಿತು.

ಆಟೋ ತೋರಿಸಿದೆ. 'ಮುಂದೆ ಒಂದೇ ಚಕ್ರ ಕಣಮ್ಮ, ಹೆಣ್ಮಗೀನ ಕೂರಿಸ್ಕಂಡು ಹೋಗೋದಾ?' ಎಂದು ಅಪ್ಪ ಮುಖ ತಿರುಗಿಸಿದರು. ಕೊನೆಗೆ ಜಟಕಾ ಹಿಡಿದರು. ಬಡಕಲು ಕುದುರೆ, ಏರು ಬಂದ ಕಡೆಯೆಲ್ಲ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅಪ್ಪ ಇಳಿದು, 'ಪಾಪ, ಮೂಕ ಪ್ರಾಣಿ' ಎನ್ನುತ್ತಾ ಜೊತೆಗೆ ನಡೆಯುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಸ್ಪತ್ರೆ ಬಾಗಿಲಲ್ಲೇ ಚಿಕ್ಕಪ್ಪ ಸಿಕ್ಕರು. 'ಈಗ ತಾನೇ ಒಳಗೆ ಕರ್ಕಂಡು ಹೋದ್ರು. ಆಗ್ಲಿಂದ ಬಾಗ್ಲ ಕಡೇನೇ ನೋಡ್ತಿತ್ತು ಮುದುಕಿ' ಎಂದರು.

ಸಂಜೆ ನನ್ನನ್ನು ಅಜ್ಜಿಯ ಮಂಚದ ಹತ್ತಿರ ಬಿಟ್ಟರು. ಕಣ್ಣಿಗೆ ಕಟ್ಟು ಹಾಕಿದ್ದರು. ಅವಳು ನನ್ನ ಹಣೆ, ಮೂಗು, ಕೆನ್ನೆ ಎಲ್ಲ ತಡವಿದಳು. 'ಅತ್ತಿದೀಯೇನಮ್ಮ? ಬಿಡು, ಕಟ್ಟು ಬಿಚ್ಚಿದ ಮೇಲೆ ನೋಡ್ತೀನಿ' ಎಂದಳು.

ಕಟ್ಟು ಬಿಚ್ಚಿದರು. ಪೊರೆ ಬಹಳ ಬಲಿತುಬಿಟ್ಟಿತ್ತಂತೆ, ಕಣ್ಣು ಬರಲಿಲ್ಲ. ಅಜ್ಜಿ ಆಮೇಲೂ ಎಷ್ಟೋ ವರ್ಷ ಬದುಕಿದ್ದಳು, ನನ್ನ ಮದುವೆಗೂ ಇದ್ದಳು. ಧಾರೆಯ ಹೊತ್ತಿಗೆ ಪಕ್ಕದವರನ್ನು ಕೇಳುತ್ತಿದ್ದಳಂತೆ: 'ನಮ್ಮ ಮಗು ಹೆಂಗೆ ಕಾಣ್ತದೆ, ಒಸಿ ಹೇಳ್ರಮ್ಮ.'