ಕೂಸು ಸುಮ್ಮನಾದ ಗುರುವಾರ

ನನ್ನ ಭಾವ, ಅಂದರೆ ಗಂಡನ ಅಣ್ಣ, ಬಸವಕಲ್ಯಾಣದಲ್ಲಿ ಮೆಡಿಕಲ್ ಅಂಗಡಿ ಇಟ್ಟಿದ್ದಾನೆ. ಓಣಿಯ ಜನ ಅವನನ್ನು ಡಾಕ್ಟರ್ ಸಾಹೇಬ್ ಅನ್ನುತ್ತಾರೆ. ‘ನಾನು ಡಾಕ್ಟರ್ ಅಲ್ಲ’ ಎಂದು ಅವನು ಒಮ್ಮೆಯಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಕೆಮ್ಮು ಅಂತ ಬಂದವರ ನಾಲಿಗೆ ಚಾಚಿಸಿ ನೋಡುತ್ತಾನೆ, ಹಣೆ ಮುಟ್ಟುತ್ತಾನೆ, ಕಣ್ಣು ಅರ್ಧ ಮುಚ್ಚಿ ಯೋಚಿಸುತ್ತಾನೆ, ಕೊನೆಗೆ ಎಲ್ಲರಿಗೂ ಅದೇ ಕೆಂಪು ಔಷಧ ಕೊಡುತ್ತಾನೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗದು ನಗೆಯ ವಿಷಯವಾಗಿತ್ತು.

ನಾನು ಬಸ್ ಕಂಡಕ್ಟರ್. ಬಸವಕಲ್ಯಾಣದಿಂದ ಹುಮನಾಬಾದಿಗೆ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ದಿನಕ್ಕೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ. ಕುಡಿದು ಬಂದು ಟಿಕೆಟ್ ತಗೊಳ್ಳುವುದಿಲ್ಲ ಅಂದವರನ್ನು ಹೆದ್ದಾರಿಯ ಕ್ರಾಸಿನಲ್ಲಿ ಕೊರಳಪಟ್ಟಿ ಹಿಡಿದು ಇಳಿಸಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಂಥವಳು ಮನೆಯೊಳಗೆ ಎಷ್ಟು ದೊಡ್ಡ ಹೇಡಿಯಾದೆ ಅನ್ನುವುದು ಮುಂದೆ ತಿಳಿಯಬೇಕಲ್ಲ, ಅದಕ್ಕೆ.

ಬಸುರಿಯಾಗಿ ಏಳು ತಿಂಗಳು ತುಂಬುವವರೆಗೂ ಡ್ಯೂಟಿ ಮಾಡಿದೆ. ಬಸ್ಸು ಓಡುವಾಗ ಕೂಸು ಅಲ್ಲಾಡುತ್ತಿರಲಿಲ್ಲ, ಅಥವಾ ಅಲ್ಲಾಡಿದ್ದು ನನಗೆ ತಿಳಿಯುತ್ತಿರಲಿಲ್ಲ. ಬಸ್ಸು ನಿಲ್ದಾಣಕ್ಕೆ ಬಂದು, ನಾನು ಸೀಟಿಗೆ ಒರಗಿ ನೀರು ಕುಡಿದೆ ಅಂದರೆ ಶುರು. ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ಒದೆ, ತಡೆದು ಇನ್ನೊಂದು. ರಜೆ ಹಾಕಿ ಮನೆಯಲ್ಲಿ ಕೂತ ಮೇಲೆ ಅದರ ದಿನಚರಿ ಇನ್ನೂ ಚೆನ್ನಾಗಿ ಗೊತ್ತಾಯಿತು. ಬೆಳಗಿನ ಚಹಾ ಆದ ಮೇಲೆ ಒಂದಿಷ್ಟು ಗದ್ದಲ. ಮಧ್ಯಾಹ್ನ ಊಟ ಮಾಡಿ ಎಡಮಗ್ಗುಲಿಗೆ ಮಲಗಿದರೆ ಹೊಟ್ಟೆಯ ಈ ಕಡೆಯಿಂದ ಆ ಕಡೆಗೆ ಇಡೀ ಮೈ ಹೊರಳಿಸುತ್ತಿತ್ತು. ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಸಂಜೆ, ಅತ್ತೆ ಟಿವಿಯಲ್ಲಿ ಭಜನೆ ಹಚ್ಚಿದಾಗ, ಮತ್ತೊಂದು ಸುತ್ತು. ನನ್ನ ಮೊಮ್ಮಗ ಭಜನೆಗೆ ಕುಣಿಯುತ್ತಾನೆ ಎಂದು ಅತ್ತೆ ಓಣಿಗೆಲ್ಲ ಹೇಳಿದರು. ನಾನು ಆ ಹೊತ್ತಿಗೆ ಕೂರುತ್ತಿದ್ದೆ, ಅದಕ್ಕೆ ಕೂಸು ಆಡುತ್ತಿತ್ತು. ಭಜನೆಯ ಬದಲು ಧಾರಾವಾಹಿ ಹಚ್ಚಿದ್ದರೂ ಒದೆಯುತ್ತಿತ್ತು. ಆದರೆ ಅತ್ತೆಗೆ ಭಕ್ತ ಮೊಮ್ಮಗ ಬೇಕಾಗಿದ್ದ.

ತಪಾಸಣೆಗೆ ಹೋದಾಗ ಆಸ್ಪತ್ರೆಯ ಸಿಸ್ಟರ್ ಒಬ್ಬರು ಒಂದು ಮಾತು ಹೇಳಿದ್ದರು. ‘ನಿಮ್ಮ ಕೂಸು ದಿನಾ ಹ್ಯಾಂಗ ಆಡತದೋ ಅದನ್ನ ನೆನಪಿಡ್ರಿ. ಅದಕ್ಕಿಂತ ಕಡಿಮಿ ಅನ್ನಿಸಿದ್ರ ಅವತ್ತೇ ಬರ್ರಿ. ನಾಳಿಗಿ ಅಂತ ಕೂಡಬ್ಯಾಡ್ರಿ.’ ನಾನು ಹೌದ್ರಿ ಅಂದಿದ್ದೆ.

ಒಂಬತ್ತನೇ ತಿಂಗಳು ಹಿಡಿದ ಒಂದು ಬುಧವಾರ ಸಂಜೆ ಭಜನೆ ಮುಗಿಯಿತು, ಕೂಸು ಆಡಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಏನೋ ಮೆಲ್ಲಗೆ ಜಾರಿದಂತಾಯಿತು, ಅಷ್ಟೇ. ಒದೆ ಅಲ್ಲ ಅದು. ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದೆ.

‘ಕೂಸು ಇವತ್ತ ಸರಿಯಾಗಿ ಆಡವಲ್ದು ರೀ.’

‘ಅಣ್ಣಗ ಕೇಳತೇನಿ,’ ಅಂದ.

ನನ್ನ ಗಂಡ ಅಣ್ಣನ ಅಂಗಡಿಯಲ್ಲೇ ಕೆಲಸ ಮಾಡುತ್ತಾನೆ. ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಅಣ್ಣನನ್ನು ಕೇಳಬೇಕಾಗುತ್ತದೆ. ಅಣ್ಣನ ಉತ್ತರವನ್ನು ಅವನು ಕೈತೊಳೆದುಕೊಂಡು ಬರುವಷ್ಟರಲ್ಲಿ ತಂದ: ‘ಒಂಬತ್ತರಾಗ ಕೂಸಿಗಿ ಜಾಗ ಸಾಲಂಗಿಲ್ಲಂತ. ಅದಕ್ಕ ಆಡಾದು ಕಡಿಮಿ ಆಗತದಂತ. ಫಿಕರ್ ಮಾಡಬ್ಯಾಡ.’

ನಾನೂ ಮಲಗಿಬಿಟ್ಟೆ.

ಗುರುವಾರ ಬೆಳಗ್ಗೆ ಚಹಾ ಆಯಿತು. ಗದ್ದಲ ಇಲ್ಲ. ಅತ್ತೆಗೆ ಹೇಳಿದೆ. ಅವರು ಒಲೆಯ ಕಡೆಯಿಂದ ಮುಖ ತಿರುಗಿಸದೆ, ‘ನಾವು ಹೊಲದಾಗ ಕಳೆ ತಗೀತಾ ತಗೀತಾ ಹಡದೇವಿ. ಇವತ್ತ ಎಷ್ಟ ಸಲ ಒದೀತು ಅಂತ ಎಣಸಿಲ್ಲ,’ ಅಂದರು. ಈ ಹೊಲದ ಕತೆ ನಾನು ಈ ಮನೆಗೆ ಬಂದ ವಾರದಿಂದ ಕೇಳುತ್ತಿದ್ದೇನೆ. ಅವರ ಸ್ವಂತ ತಂಗಿಯೇ ನನಗೆ ಹೇಳಿದ ಪ್ರಕಾರ, ಅತ್ತೆ ಇಬ್ಬರು ಮಕ್ಕಳನ್ನೂ ಹಡೆದದ್ದು ಬೀದರಿನ ಆಸ್ಪತ್ರೆಯಲ್ಲಿ. ಹಾಸಿಗೆಯ ಎರಡೂ ಕಡೆ ಒಬ್ಬೊಬ್ಬರು ಕೂತು ಕಾಲು ಒತ್ತುತ್ತಿದ್ದರಂತೆ. ಹೊಲವನ್ನು ಅವರು ಎತ್ತಿನ ಬಂಡಿಯಿಂದ ನೋಡಿದ್ದಾರೆ.

ಆದರೂ ಅವರು ಹೇಳಿದಂತೆ ತಣ್ಣೀರು ಕುಡಿದೆ. ಒಂದು ಪೇಡ ಬಾಯಿಗಿಟ್ಟರು, ತಿಂದೆ. ಸಿಹಿ ಬಿದ್ದರೆ ಕೂಸು ಏಳುತ್ತದಂತೆ. ಏಳಲಿಲ್ಲ. ಇನ್ನೊಂದು ಪೇಡ ಕೊಟ್ಟರು. ಅದನ್ನೂ ತಿಂದೆ. ನೂರು ಜನರ ಮುಂದೆ ಗಟ್ಟಿಯಾಗಿ ಒದರುವ ಹೆಂಗಸು, ಒಂಬತ್ತು ತಿಂಗಳ ಹೊಟ್ಟೆ ಹೊತ್ತು, ಬಾಯಲ್ಲಿ ಪೇಡ ಇಟ್ಟುಕೊಂಡು ಕೂತಿದ್ದೆ. ಅದನ್ನು ನೆನೆದಾಗ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಹತ್ತು ಗಂಟೆಗೆ ಭಾವ ಅಂಗಡಿಯಿಂದ ಬಂದ, ಕೈಯಲ್ಲಿ ಮಷೀನು. ಕೂಸಿನ ಎದೆಬಡಿತ ಕೇಳಿಸುವ ಮಷೀನು ಅದು, ಅಂಗೈಯಷ್ಟು ದೊಡ್ಡದು, ಹೊಟ್ಟೆಗೆ ಜೆಲ್ ಹಚ್ಚಿ ಇಟ್ಟರೆ ಸ್ಪೀಕರಿನಲ್ಲಿ ಸದ್ದು ಬರುತ್ತದೆ. ಓಣಿಯ ಬಸುರಿಯರಿಗೆ ಅವನು ಅದನ್ನು ಬಾಡಿಗೆಗೆ ಕೊಡುತ್ತಿದ್ದ. ‘ಆಸ್ಪತ್ರಿಗಿ ಹೋಗಿ ಲೈನ್ ಹಚ್ಚಾದ್ ಯಾಕ? ಮನ್ಯಾಗೇ ಕೇಳ್ರಿ,’ ಎನ್ನುವುದು ಅವನ ಮಾತು.

ತಮ್ಮನ ಹೆಂಡತಿಯ ಹೊಟ್ಟೆ ನೋಡುವಂತಿಲ್ಲ. ಅಷ್ಟು ಮರ್ಯಾದೆ ಅವನಿಗಿದೆ. ಆದ್ದರಿಂದ ತಾನು ಬಾಗಿಲ ಪರದೆಯ ಆಚೆ ಗೋಡೆಯ ಕಡೆ ಮುಖ ಮಾಡಿ ನಿಂತು, ತನ್ನ ಹೆಂಡತಿಯ ಕೈಯಲ್ಲಿ ಮಷೀನು ಕೊಟ್ಟು ಒಳಗೆ ಕಳಿಸಿದ. ಆಕೆ ನನ್ನ ನೆಗೆಣ್ಣಿ, ಒಂದೇ ಮನೆಗೆ ಬಂದ ಹಿರಿಯ ಸೊಸೆ. ಬಾಡಿಗೆಗೆ ಒಯ್ದವರ ಮನೆಗೆ ಹೋಗಿ ಮಷೀನು ಹಚ್ಚಿ ತೋರಿಸಿಕೊಡುವವಳೂ ಅವಳೇ. ಮಾತು ಕಡಿಮೆ. ಜೆಲ್ ಹಚ್ಚಿದಳು. ಪರದೆಯಾಚೆಯಿಂದ ಆಜ್ಞೆಗಳು ಬರತೊಡಗಿದವು.

‘ಹೊಕ್ಕಳದ ಕೆಳಗ ಇಡು. ಜರಾ ಎಡಕ್ಕ. ಒತ್ತು. ಇನ್ನಷ್ಟ್ ಒತ್ತು.’

ಮೊದಲು ಬರೀ ಗರಗರ ಸದ್ದು. ಬಹಳ ಹೊತ್ತು ಅದೇ. ಆಮೇಲೆ ಒಂದು ಬಡಿತ ಸಿಕ್ಕಿತು. ಧಬ್, ಧಬ್, ಧಬ್.

‘ಬಂತು ನೋಡ್ರಿ!’ ಭಾವ ಪರದೆಯಾಚೆ ಕೂಗಿದ. ‘ನಾ ಹೇಳಿದ್ದಿಲ್ಲೇನು? ಆರಾಮ್ ಅದ ಕೂಸು. ಬರೋಬ್ಬರಿ ಮಲಕೊಂಡದ.’ ಅತ್ತೆ ದೇವರಿಗೆ ಕೈಮುಗಿದರು. ಅಣ್ಣ ಖುಷಿಪಟ್ಟನಲ್ಲ, ನನ್ನ ಗಂಡನೂ ನಕ್ಕ.

ನಾನು ನೆಗೆಣ್ಣಿಯ ಮುಖ ನೋಡಿದೆ. ಅವಳು ಮಷೀನಿನ ಕಡೆ ನೋಡುತ್ತಿದ್ದಳು.

ತಪಾಸಣೆಯಲ್ಲಿ ಡಾಕ್ಟರು ಪ್ರತಿ ಸಲ ನನಗೆ ಆ ಬಡಿತ ಕೇಳಿಸಿದ್ದರು. ಅದು ಕಲ್ಲಿನ ರಸ್ತೆಯ ಮೇಲೆ ಟಾಂಗಾ ಕುದುರೆ ಓಡಿದಂತೆ ಇರುತ್ತಿತ್ತು, ಒಂದಕ್ಕೊಂದು ಅಂಟಿಕೊಂಡ ಸದ್ದು. ಇದು ಹಾಗಿರಲಿಲ್ಲ. ಇದು ನಡೆಯುತ್ತಿತ್ತು. ನಾನು ಸುಮ್ಮನೆ ಎರಡು ಬೆರಳನ್ನು ನನ್ನ ಕೊರಳಿನ ಪಕ್ಕ ಇಟ್ಟುಕೊಂಡೆ. ಸ್ಪೀಕರಿನಲ್ಲಿ ಧಬ್, ಬೆರಳಿನ ಕೆಳಗೂ ಧಬ್. ಸ್ಪೀಕರಿನಲ್ಲಿ ಧಬ್, ಬೆರಳಿನ ಕೆಳಗೂ.

‘ಇದು ಕೂಸಿಂದಲ್ರಿ,’ ಅಂದೆ. ‘ಇದು ನಂದೇ ನಾಡಿ.’

‘ಮಷೀನ್ ಸುಳ್ಳ ಹೇಳತದೇನು?’

‘ಮಷೀನ್ ಖರೇನೇ ಹೇಳಾಕತ್ತದ ಭಾವಾರ. ಹೆದರಿ ನನ್ನ ಎದಿ ಬಡಕೊಳ್ಳಾಕತ್ತದ, ಅದನ್ನ ಹೇಳಾಕತ್ತದ.’

ಪರದೆಯಾಚೆ ಒಂದು ನಗು ಕೇಳಿಸಿತು. ‘ಇಪ್ಪತ್ತ್ ವರ್ಷಾತು ನಾ ಈ ಲೈನಿನಾಗ ಇದ್ದು. ಟಿಕೇಟ್ ಹರದಂಗಲ್ಲ ಇದು.’

ಆ ನಗುವಿಗೆ ನಾನು ಋಣಿ. ಅದೊಂದು ಬರದಿದ್ದರೆ ಬಹುಶಃ ಮೂರನೇ ಪೇಡ ತಿನ್ನುತ್ತಿದ್ದೆ. ಎದ್ದು ಹೊಟ್ಟೆಯ ಜೆಲ್ ಒರೆಸಿಕೊಂಡೆ, ತಪಾಸಣೆಯ ತಾಯಿ ಕಾರ್ಡ್ ಬ್ಯಾಗಿನಲ್ಲಿ ಹಾಕಿಕೊಂಡೆ. ಅತ್ತೆ, ‘ಇವತ್ತ ಅಮಾಶಿ ಅದ, ಹೊಸ್ತಲಾ ದಾಟಬ್ಯಾಡ,’ ಅಂದರು. ಗಂಡನನ್ನು ಕರೆದೆ. ಅವನು ಚಪ್ಪಲಿ ಕೈಯಲ್ಲಿ ಹಿಡಿದು, ‘ತಡಿ, ಅಣ್ಣಗ ಒಂದ್ ಮಾತ್ ಕೇಳಿ ಬರ್ತೇನಿ,’ ಅಂದ. ಅಣ್ಣ ಮೂರು ಮಾರು ದೂರದಲ್ಲಿ ಪರದೆ ಹಿಡಿದು ನಿಂತಿದ್ದ! ನಾನು ಹೊರಗೆ ಬಂದು ಆಟೋ ಹತ್ತಿದೆ.

ಆಟೋದಲ್ಲಿ ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, ಗುಡಿಯ ಹತ್ತಿರ ಹೂವು, ತೆಂಗಿನಕಾಯಿ ಮಾರುತ್ತಾಳೆ. ನಾನು ಅರ್ಧ ಹೇಳುವುದರೊಳಗೆ, ‘ದವಾಖಾನಿಗಿ ಹೊಂಟೀಯಿಲ್ಲೋ? ಹೋಗು. ನಾ ಬರಾಕತ್ತೇನಿ,’ ಎಂದು ಫೋನ್ ಇಟ್ಟಳು. ಆ ಇಡೀ ದಿನದಲ್ಲಿ ನಾನು ಕೇಳಿದ ಮೊದಲ ಬುದ್ಧಿವಂತ ಮಾತು ಅದು.

ಆಸ್ಪತ್ರೆಯಲ್ಲಿ ಅದೇ ಸಿಸ್ಟರ್ ಇದ್ದರು. ಕಾರಣ ಕೇಳಿದ ಕೂಡಲೇ ಸಾಲಿನಿಂದ ಹೊರಗೆ ಕರೆದು ಹಾಸಿಗೆಯ ಮೇಲೆ ಮಲಗಿಸಿದರು. ಹೊಟ್ಟೆಗೆ ಪಟ್ಟಿ ಕಟ್ಟಿ ದೊಡ್ಡ ಮಷೀನಿಗೆ ಹಚ್ಚಿದರು. ಕುದುರೆ ಸಿಕ್ಕಿತು. ನಾನು ಗೊಳೋ ಎಂದು ಅತ್ತುಬಿಟ್ಟೆ.

‘ಈಗೇ ಖುಷಿ ಪಡಬ್ಯಾಡ್ರಿ,’ ಅಂದರು ಸಿಸ್ಟರ್, ಮಷೀನಿನಿಂದ ಹೊರಬರುತ್ತಿದ್ದ ಕಾಗದದ ಗೆರೆಯನ್ನೇ ನೋಡುತ್ತ. ‘ಎದಿ ಹೊಡಿಯಾಕತ್ತದ ಅಂದ್ರ ಕೂಸು ಆರಾಮ್ ಅದ ಅಂತಲ್ಲ. ಯಾವಾಗಿಂದ ಆಡಾದು ಕಡಿಮಿ ಆಗ್ಯಾದ?’

‘ನಿನ್ನಿ ಸಂಜೀಲಿಂದ್ರಿ.’

‘ನಿನ್ನಿ ಸಂಜೀಲಿಂದ! ಇಷ್ಟೊತ್ತ್ ಏನ್ ಮಾಡಾಕತ್ತಿದ್ರಿ?’

ಪೇಡ ತಿನ್ನುತ್ತಿದ್ದೆ ಅನ್ನಲಿಕ್ಕೆ ಬಾಯಿ ಬರಲಿಲ್ಲ.

ಡಾಕ್ಟರಮ್ಮ ಬಂದು ಕಾಗದ ನೋಡಿದರು, ಸ್ಕ್ಯಾನ್ ಮಾಡಿದರು. ಕೂಸಿನ ಸುತ್ತ ನೀರು ಬಹಳ ಕಡಿಮೆಯಾಗಿದೆ, ಕೂಸು ದಣಿದಿದೆ, ಈಗಲೇ ಆಪರೇಷನ್ ಮಾಡಿ ತೆಗೆಯಬೇಕು ಅಂದರು. ಅಷ್ಟರಲ್ಲಿ ನನ್ನ ಗಂಡ ಬಂದಿದ್ದ. ಸಹಿ ಹಾಕುವ ಕಾಗದವನ್ನು ಅವನ ಮುಂದೆ ಹಿಡಿದರು. ಅವನು ಕಾಗದ ನೋಡಿದ, ಬಾಗಿಲು ನೋಡಿದ. ‘ಅಣ್ಣ ಗಾಡಿ ಹಚ್ಚಿ ಬರಾಕತ್ತಾನ್ರಿ. ಒಂದೈದ್ ಮಿನಿಟ್...’

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಮಲಗಿದಲ್ಲಿಂದಲೇ ಕೈಚಾಚಿ ಪೆನ್ನು ಕೇಳಿದೆ. ಸಹಿ ವಕ್ರವಾಗಿ ಬಿತ್ತು. ನಡೆಯಿತು.

ಹೆಣ್ಣು ಕೂಸು. ಎರಡು ಕೇಜಿಗೂ ಕಡಿಮೆ. ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಬೆನ್ನು ಉಜ್ಜಿ, ಬಾಯಿಗೆ ಗಾಳಿ ಕೊಟ್ಟ ಮೇಲೆ ಬೆಕ್ಕಿನ ಮರಿಯ ಹಾಗೆ ಕುಂಯ್ ಅಂದಿತಂತೆ. ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಇನ್ನೂ ಅರ್ಧ ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮನನ್ನು ನಾನು ಕೇಳಿದೆ. ಅವರು, ‘ಬಂದ್ರಲ್ಲ, ಆ ಮಾತ್ ಬಿಡ್ರಿ,’ ಅಂದರು. ಅವ್ವ ಹೂವಿನ ಬುಟ್ಟಿಯ ಸಮೇತ ಬಸ್ಸಿನಿಂದ ಇಳಿದು ಬಂದಿದ್ದಳು. ಹನ್ನೊಂದು ದಿನವೂ ಆ ಪೆಟ್ಟಿಗೆಯಿದ್ದ ಕೋಣೆಯ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ.

ಹೆಸರಿಡುವ ದಿನ ಮಾಣಿಕನಗರದ ಅವ್ವನ ಮನೆಗೆ ಗಂಡನ ಮನೆಯವರೆಲ್ಲ ಬಂದರು. ಭಾವ ನಡುಮನೆಯ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಕತೆ ಹೇಳುತ್ತಿದ್ದ. ‘ನಾ ಮಷೀನ್ ಹಚ್ಚಿಸಿ ಕೇಳ್ದೆ. ಏನೋ ಗಡಬಡ ಅದ ಅನ್ನಸ್ತು. ಜಲ್ದಿ ಹೋಗ್ರಿ ಅಂತ ಕಳಸ್ದೆ.’ ಜನ ತಲೆದೂಗುತ್ತಿದ್ದರು. ಅತ್ತೆಯೂ ದೂಗುತ್ತಿದ್ದರು, ಮೊಮ್ಮಗ ಮೊಮ್ಮಗಳಾದ ದುಃಖದ ನಡುವೆಯೇ.

ನಾನು ತೊಟ್ಟಿಲ ಪಕ್ಕದಿಂದಲೇ ಹೇಳಿದೆ: ‘ಅವ್ರು ಕಳಸಿಲ್ರಿ. ಅವ್ರ ಮಷೀನಿನಾಗ ಕೇಳಿದ್ದು ನನ್ನ ನಾಡಿ. ಅದನ್ನ ಕೂಸಿಂದು ಅಂದ್ರು. ನಾ ಎದ್ದ್ ಹೋದೆ.’

ಭಾವ ನಕ್ಕ. ‘ಬಾಣಂತಿಗಿ ನೆನಪು ಹಿಂದ್ ಮುಂದ್ ಆಗತದ,’ ಅಂದ. ಎಲ್ಲರೂ ಸಮಾಧಾನದಿಂದ ಊಟಕ್ಕೆ ಎದ್ದರು. ಸುಳ್ಳಿನ ಜೊತೆ ಹೋಳಿಗೆ ಚೆನ್ನಾಗಿ ಇಳಿಯುತ್ತದೆ.

ಊಟದ ಗದ್ದಲದಲ್ಲಿ ನೆಗೆಣ್ಣಿ ನನ್ನ ಕೋಣೆಗೆ ಬಂದಳು. ಕೂಸಿನ ಕಾಲು ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ, ‘ನನಗ ಅವತ್ತೇ ಗೊತ್ತಾಗಿತ್ತು,’ ಅಂದಳು.

‘ಏನು?’

‘ಅದು ಕೂಸಿನ ಸಪ್ಪಳ ಅಲ್ಲಂತ. ಅಷ್ಟ್ ಮಂದೀಗಿ ಹಚ್ಚೇನಲ್ಲ, ಗೊತ್ತಾಗಂಗಿಲ್ಲೇನು? ಅವ್ರ ಮುಂದ ಹ್ಯಾಂಗ ಹೇಳ್ಲಿ?’

ಭಾವ ದಡ್ಡ, ದಡ್ಡನಿಗೆ ಗೊತ್ತಿರಲಿಲ್ಲ. ಇವಳಿಗೆ ಗೊತ್ತಿತ್ತು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಗೊತ್ತಿದ್ದೂ, ಬಾಯಿ ಮುಚ್ಚಿಕೊಂಡಿದ್ದಳು. ಅವಳ ಮೇಲೆ ಎಷ್ಟು ಅಸಹ್ಯ ಹುಟ್ಟಿತೆಂದರೆ ಕೂಸಿನ ಕಾಲಿನಿಂದ ಅವಳ ಕೈಯನ್ನು ತೆಗೆದುಬಿಟ್ಟೆ. ಅವಳು ಎದ್ದು ಬಡಿಸಲು ಹೋದಳು. ಆಮೇಲೆ ಎಷ್ಟೋ ದಿನ ಅವಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಬೈಯುತ್ತ ಬೈಯುತ್ತ ಲೆಕ್ಕ ಹಾಕಿದರೆ, ಅವಳು ಸುಮ್ಮನಿದ್ದದ್ದು ಕಾಲು ಗಂಟೆ. ಬುಧವಾರ ಸಂಜೆಯಿಂದ ಸುಮ್ಮನೆ ಕೂತಿದ್ದವಳು ನಾನು.

ರಜೆ ಮುಗಿದ ಮೇಲೆ ನಾನು ಬಸವಕಲ್ಯಾಣಕ್ಕೆ ವಾಪಸ್ ಹೋಗಲಿಲ್ಲ. ಹುಮನಾಬಾದಿನಲ್ಲೇ ಎರಡು ಕೋಣೆಯ ಮನೆ ಹಿಡಿದೆ. ಗಂಡ ಒಂದು ತಿಂಗಳು ಅಲ್ಲಿ ಯೋಚಿಸಿ, ಆಮೇಲೆ ಒಂದು ಟ್ರಂಕು ತಗೊಂಡು ಬಂದ. ಅಣ್ಣನನ್ನು ಕೇಳಿ ಬಂದೆಯಾ ಎಂದು ನಾನು ಕೇಳಲಿಲ್ಲ, ಕೇಳಿಯೇ ಬಂದಿರುತ್ತಾನೆ. ಮಗಳಿಗೆ ಈಗ ಎರಡು ವರ್ಷ. ಡ್ಯೂಟಿ ಮುಗಿಸಿ ಬರುವವರೆಗೆ ಅವಳು ಅವ್ವನ ಅಂಗಡಿಯಲ್ಲಿ ಕೂತು, ಗಿರಾಕಿಗಳು ಕೇಳದಿದ್ದರೂ ಅವರ ಕೈಗೆ ಹೂವು ತುರುಕುತ್ತಾಳೆ.