ದೇವರ ಪಾಲಿಗೆ ಹೋದ ದನಗಳು

ನಮ್ಮ ಮನೆಯವರು ತೀರಿಹೋದಾಗ ಮಾತಾಡಿಸಲು ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. "ಮೂಕ ಪ್ರಾಣಿಗಳನ್ನ ಉಳಿಸಿದ ಪುಣ್ಯಾತ್ಮ. ಒಳ್ಳೇ ಗತಿನೇ ಸಿಗ್ತೈತೆ ಬಿಡವ್ವ." ನಾನು ತಲೆಯಾಡಿಸಿದೆ. ದನಗಳು ಉಳಿದದ್ದು ನಿಜ. ಆದರೆ ತಾನು ಏನನ್ನೋ ಉಳಿಸಿದೆ ಎಂದು ಅವರು ಒಂದು ದಿನವೂ ಅಂದುಕೊಂಡಿರಲಿಲ್ಲ. ಸಾವಿನ ಮನೆಯಲ್ಲಿ ಕೂತು ಅದನ್ನು ಯಾರಿಗೆ ಬಿಡಿಸಿ ಹೇಳುವುದು? ನಾನು ಎಸ್ಸೆಸ್ಸೆಲ್ಸಿ ಓದಿದವಳು. ಅವರ ಕೆಲಸದ ಬಗ್ಗೆ ಅವರು ಊಟಕ್ಕೆ ಕೂತಾಗ ಹೇಳಿದ್ದಷ್ಟೇ ನನಗೆ ಗೊತ್ತು. ಅಷ್ಟನ್ನು ಬರೆಯುತ್ತೇನೆ.

ಅವರು ಪಶುವೈದ್ಯರು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ರಸ್ತೆಯ ಪಕ್ಕ, ದನ ಮೇಯುವ ಕಾವಲಿನ ಅಂಚಿನಲ್ಲಿ ಜಾನುವಾರು ಸಂಶೋಧನೆಯ ಸಣ್ಣದೊಂದು ಕೇಂದ್ರವಿತ್ತು. ಚಪ್ಪಡಿ ಹೊದಿಸಿದ ಎರಡು ಕೊಟ್ಟಿಗೆ, ಒಂದು ಆಫೀಸು ಕೋಣೆ, ನಾವಿದ್ದ ಕ್ವಾರ್ಟರ್ಸು. ತೊಂಬತ್ತರ ದಶಕವನ್ನು ಬಹುಪಾಲು ನಾವು ಕಳೆದದ್ದು ಅಲ್ಲಿಯೇ. ಮೂವತ್ತರ ಆಸುಪಾಸು ನಾಟಿ ದನಗಳಿದ್ದವು. ಇಲ್ಲಿನ ಬಿಸಿಲು, ಒಣಮೇವು, ಅರೆಹೊಟ್ಟೆ ನೀರು ತಡೆದುಕೊಳ್ಳುವ ಶಕ್ತಿ ಅವಕ್ಕೆ ಎಷ್ಟಿದೆ, ಅದು ತಾಯಿಯಿಂದ ಕರುವಿಗೆ, ಕರುವಿನಿಂದ ಅದರ ಕರುವಿಗೆ ಹಾಗೇ ಇಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ವಾರಕ್ಕೊಮ್ಮೆ ದನಗಳನ್ನು ತೂಗುತ್ತಿದ್ದರು, ತಿಂಗಳಿಗೊಮ್ಮೆ ಕುತ್ತಿಗೆಯಿಂದ ರಕ್ತ ತೆಗೆಯುತ್ತಿದ್ದರು. ಯಾವ ಕರು ಯಾರ ಮಗಳು ಎಂದು ತಪ್ಪದಿರಲಿ ಅಂತ ಪ್ರತಿಯೊಂದರ ಕಿವಿಗೂ ನಂಬರಿನ ಬಿಲ್ಲೆ.

"ಎರಡು ತಲೆಮಾರು ನೋಡಿದ್ರೆ ಅಂದಾಜು ಸಿಗ್ತೈತೆ, ಮೂರು ನೋಡಿದ್ರೆ ಉತ್ತರ ಸಿಗ್ತೈತೆ," ಅನ್ನುತ್ತಿದ್ದರು. ಕೇಂದ್ರ ಮುಚ್ಚುವ ಹೊತ್ತಿಗೆ ಎರಡು ಆಗಿತ್ತು. ಎರಡನೆಯ ತಲೆಮಾರಿನ ಕಡಸುಗಳು ಗಬ್ಬವಾಗಿದ್ದವು.

ಬೇಸಿಗೆಯಲ್ಲಿ ನಮ್ಮ ತೊಟ್ಟಿಗೆ ನನ್ನಿವಾಳದ ಕಡೆಯಿಂದ ದೇವರ ದನಗಳು ನೀರಿಗೆ ಬರುತ್ತಿದ್ದವು. ನಮ್ಮ ಸೀಮೆಯ ನಾಯಕ ಜನಾಂಗದ ಹಟ್ಟಿಗಳಲ್ಲಿ ದೇವರ ಹೆಸರಿನಲ್ಲಿ ಒಂದು ಮಂದೆ ಇರುತ್ತದೆ. ಆ ದನಗಳನ್ನು ಉಳುವುದಿಲ್ಲ, ಮಾರುವುದಿಲ್ಲ, ಸತ್ತರೆ ಪೂಜೆ ಮಾಡಿ ಹೂಳುತ್ತಾರೆ. ಅವನ್ನು ಕಾಯುವವನನ್ನು ಕಿಲಾರಿ ಅನ್ನುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದ ಕಿಲಾರಿ ಬರಿಗಾಲಿನ ಒಣಕಲು ಮನುಷ್ಯ, ಬಾಯಿ ಮಾತ್ರ ಜೋರು. ಇವರು ದನ ತೂಗುವುದನ್ನು ಕಂಡರೆ ಅವನಿಗೆ ತಮಾಷೆ.

"ಬಂಗಾರ ತೂಗ್ದಂಗೆ ತೂಗ್ತೀರಲ್ಲ ಸಾಮಿ, ಹೋದ್ವಾರಕ್ಕೂ ಈ ವಾರಕ್ಕೂ ಕೋಡು ಏನಾರ ಉದುರೋಗಿರ್ತೈತಾ?"

"ನಿನ್ನ ಮಂದೇನೂ ಒಂದು ಸಲ ತೂಗಾನ ಬಾರೋ."

"ಅಯ್ಯಯ್ಯೋ! ದೇವ್ರನ್ನ ತೂಗಿದ್ರೆ ತಕ್ಕಡಿ ಮುರೀತೈತೆ."

ಆ ದಿನಗಳಲ್ಲಿ ಸರ್ಕಾರದ ಸಾಲದ ಯೋಜನೆಯಲ್ಲಿ ಸೀಮೆಹಸು ಹಂಚುತ್ತಿದ್ದರು. ವೇದಿಕೆಯ ಮೇಲೆ ಹಗ್ಗ ಕೈಗಿಡುತ್ತಿದ್ದವರು ನಮ್ಮ ಭಾಗದ ಮುಖಂಡರು. ನಾಟಿ ದನದ ಜೊತೆ ಹೋಲಿಸಿ ನೋಡಲು ನಮ್ಮ ಕೇಂದ್ರದಲ್ಲೂ ಕೆಲವು ಸೀಮೆಹಸುಗಳಿದ್ದವು. ಬೇಸಿಗೆಯಲ್ಲಿ ಅವು ಸೊರಗಿದವು, ಗಬ್ಬ ನಿಲ್ಲಲಿಲ್ಲ. ಇವರು ವರದಿಯಲ್ಲಿ ಅದನ್ನು ಬರೆದರು. ಜಿಲ್ಲೆಯ ಮೀಟಿಂಗಿನಲ್ಲಿ ಮೇಲಧಿಕಾರಿ ಇವರನ್ನು ಪಕ್ಕಕ್ಕೆ ಕರೆದು, "ಆ ಎರಡು ಸಾಲು ತೆಗೆದುಬಿಡಿ. ಇದೇನು ನಿಮ್ಮ ಮುಖ್ಯ ವಿಷಯ ಅಲ್ಲವಲ್ಲ," ಅಂದರಂತೆ. "ಅದನ್ನ ನಾನು ಹೇಳಿದ್ದಲ್ಲ ಸಾರ್, ತಕ್ಕಡಿ ಹೇಳಿದ್ದು," ಎಂದರಂತೆ ಇವರು. ಮನೆಗೆ ಬಂದು ಅದನ್ನು ಹೇಳುವಾಗ ನಕ್ಕರು. ಆದರೆ ರೊಟ್ಟಿ ಮುರಿದದ್ದು ತಟ್ಟೆಯಲ್ಲೇ ಉಳಿಯಿತು.

ಆಮೇಲೆ ಒಂದು ಭಾನುವಾರ ಮುಖಂಡರೇ ಮನೆಗೆ ಬಂದರು. ಸಿಟ್ಟಿರಲಿಲ್ಲ, ನಗುತ್ತಲೇ ಮಾತಾಡಿದರು.

"ಏನ್ರೀ ಡಾಕ್ಟ್ರೇ, ನಾವು ಹಸು ಕೊಡೋದು, ನೀವು ಹೆಸರಿಡೋದು. ಹಿಂಗಾದ್ರೆ ಹೆಂಗೆ?"

"ಕೊಡ್ರಿ ಯಜಮಾನ್ರೇ. ನೀರು ಇರೋ ಕಡೆ ಕೊಡ್ರಿ ಅಂತ ಬರ್ದಿದೀನಿ, ಅಷ್ಟೇ."

"ಓಟು ನೀರಿಲ್ಲದ ಕಡೇನೂ ಅದಾವಲ್ರೀ!" ಎಂದು ತಾವೇ ನಕ್ಕರು. ನನ್ನ ಕಡೆ ತಿರುಗಿ, "ಚಾ ಚೆನ್ನಾಗೈತೆ ಕಣಮ್ಮ. ಯಾವ ಹಸೀನ ಹಾಲು?" ಅಂದರು.

"ನಾಟಿ ಹಸೀಂದು."

"ನೀವೂ ಅವರ ಪಾರ್ಟಿನೇ ಅನ್ನಿ."

ಲೋಟ ಕೆಳಗಿಟ್ಟು ಹೋದರು. ಯಾರೂ ಯಾರನ್ನೂ ಬೈಯಲಿಲ್ಲ. ಆ ವರ್ಷ ಮೇವಿನ ಬಿಲ್ಲು ಮಂಜೂರಾಗಲಿಲ್ಲ. ಮುಂದಿನ ವರ್ಷ ದಿನಗೂಲಿಯವರನ್ನು ನಿಲ್ಲಿಸಿದರು. ರಕ್ತ ಪರೀಕ್ಷೆಗೆ ಬೇಕಾದ ಔಷಧಿ ಬೆಂಗಳೂರಿನಿಂದ ಬರುವುದು ನಿಂತಿತು. ಕೇಳಿದರೆ, ನಾಟಿ ದನದ ಸಂಶೋಧನೆಗೆ ಈಗ ಆದ್ಯತೆ ಇಲ್ಲ ಎಂಬ ಉತ್ತರ. ನಾನೇ ಸೆರಗು ಕಟ್ಟಿ ತೊಟ್ಟಿಗೆ ನೀರು ಸೇದಿ ಹಾಕಿದೆ. ಅವರು ಸೈಕಲ್ಲಿನಲ್ಲಿ ಕಡಲೆಬಳ್ಳಿ ಹೊರೆ ತಂದರು. ತೂಗುವುದನ್ನು ಮಾತ್ರ ಒಂದು ವಾರವೂ ಬಿಡಲಿಲ್ಲ. ಕೊನೆಗೆ ಹರಾಜಿನ ಆದೇಶ ಬಂತು. ದನ, ತಕ್ಕಡಿ, ಕುರ್ಚಿ ಎಲ್ಲವೂ.

"ಇನ್ನೊಂದು ವರ್ಷ ಸಿಕ್ಕಿದ್ರೆ ಸಾಕಿತ್ತು," ಅಂದರು. ಕಡಸುಗಳು ಈಯಬೇಕು, ಕರುಗಳು ಒಂದು ಬೇಸಿಗೆ ಕಳೆಯಬೇಕು, ಅಷ್ಟೇ ಬಾಕಿ.

ಅವರೊಂದು ದಾರಿ ಹುಡುಕಿದರು. ದೇವಸಮುದ್ರ ನನ್ನ ತವರು. ಆ ಸುತ್ತಿನ ಕೆಲವು ರೈತರನ್ನು ಕಂಡು, ಹರಾಜಿನಲ್ಲಿ ಒಂದೊಂದು ದನ ಹಿಡಿಯಿರಿ, ತಿಂಗಳಿಗೊಮ್ಮೆ ನಾನೇ ಬಂದು ತೂಗಿಕೊಂಡು ಹೋಗುತ್ತೇನೆ ಎಂದು ಒಪ್ಪಿಸಿದರು. ನಮ್ಮ ಅಣ್ಣನೂ ಒಪ್ಪಿದ. ಅದೇ ವಾರ ನೀರಿಗೆ ಬಂದ ಕಿಲಾರಿ ಸುದ್ದಿ ಕೇಳಿ ತೊಟ್ಟಿಯ ಕಟ್ಟೆಗೆ ಕೂತ. ಆಮೇಲೆ ಹೇಳಿದ: "ರೈತರ ಕೈಲಿ ಆಗಲ್ಲ ಸಾಮಿ. ಕಸಾಯಿಖಾನೆಗೆ ಸಾಗಿಸಾಕೆ ಸಂತೆ ವ್ಯಾಪಾರಿ ಲಾರಿ ಮಾತಾಡಿ ಆಗೈತೆ, ಯಜಮಾನ್ರ ಕಡೇನೋನೇ. ನೀವು ಹೂಂ ಅನ್ರಿ, ಹಟ್ಟಿ ಹಿರೇರನ್ನ ಕರ್ಕಂಡು ಬರ್ತೀನಿ. ದೇವ್ರ ಪಾಲು ಅಂದ್ಮ್ಯಾಲೆ ಯಾರೂ ಸವಾಲು ಕೂಗಲ್ಲ. ಆದ್ರೆ ಒಂದು. ಮಂದೇಗೆ ಸೇರಿದ್ಮ್ಯಾಲೆ ಸೂಜಿ ಇಲ್ಲ, ಕಿವಿ ಬಿಲ್ಲೆ ಇಲ್ಲ, ತಕ್ಕಡೀನೂ ಇಲ್ಲ."

ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಳಗೆ ಬಂದಾಗ ನಾನು, "ಬದುಕಲಿ ಬಿಡ್ರಿ," ಅಂದೆ. "ಬದುಕಿದ್ರೆ ಸಾಕಾ?" ಎಂದು ನನ್ನ ಮುಖ ನೋಡಿದರು. ಸಾಕು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಸಾಲದು ಎನ್ನಲು ಆ ದನಗಳಿಗೆ ನೀರು ಹಾಕಿದ ಕೈ ಬಿಡಲಿಲ್ಲ.

ಹರಾಜಿನ ದಿನ ರೈತರು ಬಂದಿದ್ದರು. ಮೊದಲ ಹಸುವಿಗೆ ನಮ್ಮಣ್ಣ ಸವಾಲು ಕೂಗಿದ. ವ್ಯಾಪಾರಿ ಮೇಲೆ ಕೂಗಿದ. ಅಣ್ಣ ಇನ್ನೊಂದು ಸಲ ಕೂಗಿ, ಆಮೇಲೆ ಬಗ್ಗಿ ಕಾಲ ಬೆರಳು ನೋಡುತ್ತ ನಿಂತ. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ರೈತರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮೂರೂ ಲಾರಿ ಹತ್ತಿದವು. ನಾಲ್ಕನೆಯದು ಗಬ್ಬದ ಕಡಸು. ಅದರ ಹಗ್ಗ ಹಿಡಿದು ಹೊರಗೆ ತಂದಾಗ ಇವರು ಬೇವಿನ ಮರದ ಕಡೆ ನೋಡಿದರು. ಅಲ್ಲಿ ಹಿರಿಯರ ಜೊತೆ ಕಿಲಾರಿ ನಿಂತಿದ್ದ. ಇವರು ತಲೆ ಬಗ್ಗಿಸಿದರು. ಅದು ಒಪ್ಪಿಗೆ ಎಂದು ಅವನಿಗೂ ನನಗೂ ಮಾತ್ರ ಗೊತ್ತಾಯಿತು.

ಹಟ್ಟಿಯ ಹಿರಿಯರೊಬ್ಬರು ಹೆಗಲ ವಲ್ಲಿ ಎತ್ತಿ ಸರ್ಕಾರ ಇಟ್ಟ ಬೆಲೆಯನ್ನೇ ಹೇಳಿ, "ಇವು ದೇವ್ರ ಪಾಲು. ಇನ್ಯಾರೂ ಕೂಗಬ್ಯಾಡ್ರಿ," ಎಂದು ಕೂಗಿದರು.

ಅಧಿಕಾರಿ "ಇನ್ನು ಯಾರಾದರೂ?" ಎಂದು ಕೇಳಿದರು. ಯಾರೂ ಇಲ್ಲ. ಮುಖಂಡರು ಮೆಟ್ಟು ಕಳಚಿ ಕೈ ಮುಗಿದುಬಿಟ್ಟಿದ್ದರು. ಆ ಹಟ್ಟಿಗಳ ಓಟು ಅವರಿಗೂ ಬೇಕು. ವ್ಯಾಪಾರಿ ಲಾರಿಯ ಹಿಂಬಾಗಿಲು ತೆಗೆಸಿ ಮೂರನ್ನೂ ಇಳಿಸತೊಡಗಿದ.

"ಏಯ್, ಅವು ನಿಮ್ಮವು ರೀ, ರಸೀದಿ ಆಗೋಗೈತೆ," ಎಂದರು ಗುಮಾಸ್ತರು.

"ಹರಿದಾಕ್ರೀ ಸಾರ್. ದೇವ್ರ ಬಾಯಿಗೆ ಅಡ್ಡ ಬರಾಕೆ ನಂಗೇನು ಹುಚ್ಚಾ?"

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮುಖಂಡರು ಗೋಸಂಪತ್ತಿನ ಬಗ್ಗೆ ಎರಡು ಮಾತೂ ಆಡಿದರು. ಅಷ್ಟರಲ್ಲಿ ಕಿಲಾರಿ ಗೇಟಿನ ಹತ್ತಿರ ಒಂದೊಂದೇ ದನವನ್ನು ನಿಲ್ಲಿಸಿ ಕಿವಿಯ ಬಿಲ್ಲೆ ಕತ್ತರಿಸಿ ತೆಗೆಯುತ್ತಿದ್ದ. ನೋವಾಗದ ಹಾಗೆ, ಕಿವಿ ಸವರುತ್ತ. ತೆಗೆದದ್ದನ್ನು ಇವರ ಕೈಗೆ ಕೊಡುತ್ತಿದ್ದ. ಇವರ ಬೊಗಸೆ ತುಂಬಿತು. ಯಾರೋ ಬಂದು "ಒಳ್ಳೇ ಕೆಲಸ ಆತು ಡಾಕ್ಟ್ರೇ," ಎಂದು ಕೈ ಕುಲುಕಲು ಹೋದರು. ಕುಲುಕಲು ಇವರ ಕೈ ಖಾಲಿ ಇರಲಿಲ್ಲ.

ಇವರನ್ನು ದುರ್ಗದ ಜಿಲ್ಲಾ ಆಫೀಸಿಗೆ ಹಾಕಿದರು. ಕಡತದ ಕೆಲಸ. ಮಳೆಗಾಲದಲ್ಲಿ ಕಿಲಾರಿ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ, ಕಡಸು ಈದಿದೆ ಎಂದು. ಇಬ್ಬರೂ ಹೋದೆವು. ಚಪ್ಪಲಿ ದೂರ ಬಿಟ್ಟು ಮುಳ್ಳುಬೇಲಿಯ ಹೊರಗೆ ನಿಂತೆವು. ಕರು ಆಗಲೇ ತಾಯಿಯ ಸುತ್ತ ಕುಣಿಯುತ್ತಿತ್ತು. ಇವರ ಮೂರನೆಯ ತಲೆಮಾರು.

"ತೂಗಲ್ಲ ಅಂತ ಮಾತು ಕೊಟ್ಟಿದ್ರಿ ಸಾಮಿ," ಎಂದ ಕಿಲಾರಿ, ಮೆಲ್ಲಗೆ.

"ಗೊತ್ತು ಮಾರಾಯ. ನೋಡೋಕೆ ಬಂದೆ."

ವಾಪಸು ಬಸ್ಸು ಹತ್ತಿದೆವು. "ಹದಿನೆಂಟು ಕೆಜಿ ಇರಬೌದು," ಅಂದರು. ಸ್ವಲ್ಪ ಬಿಟ್ಟು, "ಇರಬೌದು ಅಂತ ಬರಿಯೋಕಾಗಲ್ಲ," ಅಂದರು.

ಮುಂದಿನ ಎರಡು ವರ್ಷವೂ ಹೋಗುತ್ತಿದ್ದರು. ದೊಡ್ಡ ದನಗಳ ಗುರುತು ಸಿಗುತ್ತಿತ್ತು. ಮಂದೆಯಲ್ಲಿ ಬೇರೆ ಹೋರಿಗಳಿದ್ದವು, ಬೇರೆ ಹಸುಗಳ ಕರುಗಳಿದ್ದವು. ಯಾವುದು ಯಾರದ್ದೆಂದು ಕಿಲಾರಿಯೂ ಹೇಳುತ್ತಿರಲಿಲ್ಲ. ಅವನಿಗೆ ಎಲ್ಲವೂ ದೇವರದ್ದೇ. ಅವನ ಮೇಲೆ ನಮಗೆ ಬೇಸರವಿರಲಿಲ್ಲ. ಅವನು ಹೇಳಿದ್ದನ್ನು ಹೇಳಿದಂತೆಯೇ ನಡೆಸಿದ್ದ. ಒಂದು ಸಲ ಹೊರಟು ನಿಂತವರು ಚಪ್ಪಲಿ ಮೆಟ್ಟಿಕೊಳ್ಳದೆ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಹೋಗಲಿಲ್ಲ. ಎದೆನೋವು ಬಂದದ್ದು ಆಫೀಸಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ.

ಕಳೆದ ತಿಂಗಳು ಬೆಂಗಳೂರಿನಿಂದ ಒಬ್ಬ ಯುವ ಅಧಿಕಾರಿ ಮನೆಗೆ ಬಂದಿದ್ದರು. ಈಗ ನಾಟಿ ತಳಿಗೆ ಸರ್ಕಾರ ಹಣ ಕೊಡುತ್ತಿದೆಯಂತೆ. ಬಿಸಿಲು ತಡೆಯುವ ದನದ ಲೆಕ್ಕ ಇಷ್ಟು ವರ್ಷದ್ದು ಬೇರೆಲ್ಲೂ ಇಲ್ಲವಂತೆ. ಒಳ್ಳೆಯ ಮನುಷ್ಯ, ಕಣ್ಣಲ್ಲಿ ಆಸೆಯಿತ್ತು. ನಾನು ಕಾಗದಗಳ ಗಂಟು ತಂದುಕೊಟ್ಟೆ. ನೆಲದ ಮೇಲೆಯೇ ಕೂತು ಸರಸರ ತಿರುವಿದರು. ಕೊನೆಯ ಹಾಳೆಗೆ ಬಂದು ತಲೆಯೆತ್ತಿದರು.

"ಮೂರನೇ ತಲೆಮಾರಿಂದು ಎಲ್ಲಿದೆ ಅಮ್ಮ?"

"ಇಲ್ಲ."

"ಛೆ. ದನ ಸತ್ತುಹೋದವಾ?"

"ಇಲ್ಲಪ್ಪ. ಬದುಕಿದಾವೆ. ನನ್ನಿವಾಳದ ಕಡೆ ಮೇಯ್ತಿದಾವೆ."

ಅವರು ನನ್ನನ್ನೇ ನೋಡಿದರು. "ಇದು ಅರ್ಧಕ್ಕೇ ನಿಂತುಹೋಯ್ತಲ್ಲಮ್ಮ," ಎಂದರು. ಸಾವಿನ ಮನೆಗೆ ಬಂದ ಅಷ್ಟು ಜನರಲ್ಲಿ ಯಾರೂ ಹೇಳದ ಮಾತು. ಆ ಅಪರಿಚಿತರ ಎದುರು, ಹೌದಪ್ಪ ಎನ್ನುತ್ತ, ನಾನು ಅತ್ತುಬಿಟ್ಟೆ.